ಹಳೆ ಟೈಲ್ಸ್ ಮೇಲೆ ಹೊಸದು ಅಂಟಿಸಬಹುದಾ? ಮೊದಲು ಬಚ್ಚಲ ಜಾಲರಿ ಎತ್ತಿ ನೋಡಿ

ಮುಂಬಯಿಯ ಭಾಂಡುಪ್‌ನಲ್ಲಿ 30 ವರ್ಷ ಹಳೆಯ ಫ್ಲ್ಯಾಟು, ಬಾತ್‌ರೂಮ್ ನೆಲದ ಟೈಲ್ಸ್ ಹಾಳಾಗಿವೆ, ಒಡೆಯುವ ರಗಳೆ ಬೇಡ, ರಜೆ ಹಾಕಿ ನಾನೇ ಮೇಲೊಂದು ಪದರ ಅಂಟಿಸುತ್ತೇನೆ, ಯಾವ ಅಡ್ಹೆಸಿವ್ ಒಳ್ಳೆಯದು ಹೇಳಿ. ಇಷ್ಟು ತಾನೇ ನಿಮ್ಮ ಪ್ರಶ್ನೆ? 2017ರ ಏಪ್ರಿಲ್‌ನಲ್ಲಿ ನಾನೂ ಇದನ್ನೇ ಕೇಳಿದ್ದೆ. ಇಲ್ಲಿ ಅಲ್ಲ, ಎಲ್‌ಬಿಎಸ್ ರಸ್ತೆಯ ಒಂದು ಟೈಲ್ಸ್ ಅಂಗಡಿಯಲ್ಲಿ. ಅಂಗಡಿಯವನು ಬೇರೇನೂ ಕೇಳದೆ ಎರಡು ಚೀಲ ಅಡ್ಹೆಸಿವ್ ಎತ್ತಿ ಕೊಟ್ಟ.

ನಮ್ಮದು ಮುಲುಂಡ್ ಪೂರ್ವ. 1984ರ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾತ್‌ರೂಮ್ ನಾಲ್ಕಡಿ ಅಗಲ, ಆರಡಿ ಉದ್ದ. ಊರಿಂದ ಬಂದಿದ್ದ ಭಾವಮೈದುನನನ್ನು ಜೊತೆಗೆ ಹಾಕಿಕೊಂಡೆ. ನಾಲ್ಕೈದು ವಿಡಿಯೋ ನೋಡಿದ್ದೆವು. ಹಳೆ ಟೈಲ್ಸ್ ತಿಕ್ಕಿ ತೊಳೆದು, ಹಿಡಿತ ಸಿಗಲಿ ಅಂತ ಉಳಿಯಿಂದ ಟಾಚಾ, ಅಂದರೆ ಸಣ್ಣ ಸಣ್ಣ ಗುಳಿ, ಹೊಡೆದು, ಹಲ್ಲಿನ ಕರಣೆಯಲ್ಲಿ ಅಡ್ಹೆಸಿವ್ ಬಾಚಿ, ಎರಡು ದಿನದಲ್ಲಿ ನೆಲ ಮುಗಿಸಿದೆವು. ಹಳೆ ಜಾಲರಿ ತುಕ್ಕು ಹಿಡಿದಿತ್ತು, ಅದರ ಜಾಗಕ್ಕೆ ಹೊಳೆಯುವ ಸ್ಟೀಲ್ ಜಾಲರಿ ಕೂರಿಸಿದೆವು. ಒಟ್ಟು ಖರ್ಚು 9 ಸಾವಿರ. ಮೇಸ್ತ್ರಿ ಕೇಳಿದ್ದು 35. ಸಂಜೆ ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು.

ಒಂದು ಮಾತು ಒಪ್ಪಬೇಕು. ಆ ಟೈಲ್ಸ್ ಒಂದೂ ಅಲುಗಲಿಲ್ಲ. ಆಮೇಲೆ ಒಡೆಯುವಾಗ ಮೇಸ್ತ್ರಿ ನನ್ನನ್ನು ಬೈದುಕೊಂಡೇ ಒಡೆದ, ಅಷ್ಟು ಗಟ್ಟಿ ಕೂತಿದ್ದವು. ಹಾಗಾಗಿ ಯಾವ ಅಡ್ಹೆಸಿವ್ ಅನ್ನೋದನ್ನು ಬಿಟ್ಟುಬಿಡಿ. ಟೈಲ್ಸ್‌ಗೆ ಟೈಲ್ಸ್ ಅಂಟಿಸಲು ಅಂತಲೇ ಬರುವ ಯಾವ ಒಳ್ಳೆಯ ಅಡ್ಹೆಸಿವ್ ಆದರೂ ಅಂಟುತ್ತದೆ. ಅಂಟುವುದು ಇಲ್ಲಿ ಸಮಸ್ಯೆಯೇ ಅಲ್ಲ.

ಜುಲೈನಲ್ಲಿ ಕೆಳಗಿನ ಮನೆಯ ಆಜಿ ಮೇಲೆ ಬಂದರು. ಒಬ್ಬರೇ ಇರುತ್ತಾರೆ, ಎಪ್ಪತ್ತು ದಾಟಿದೆ. "ಅಹೋ, ವರೂನ್ ಪಾಣಿ ಗಳತಂಯ್" ಅಂದರು, ಮೇಲಿಂದ ನೀರು ಸೋರುತ್ತಿದೆ ಅಂತ. ಮುಂಬಯಿಯಲ್ಲಿ ಜುಲೈ ತಿಂಗಳು, ಯಾರ ಮನೆ ಸೋರುವುದಿಲ್ಲ ಹೇಳಿ? ಹೊರಗೋಡೆಯಿಂದ ಮಳೆ ನೀರು ಬರ್ತಿದೆ ಆಜಿ, ಸೊಸೈಟಿಗೆ ಹೇಳಿ ಅಂದೆ. ಸೊಸೈಟಿ ಅಂದರೆ ನಮ್ಮ ಕಟ್ಟಡದ ಮನೆಯವರ ಸಂಘ. ಆಗಸ್ಟ್ 29ರ ಮಳೆಗೆ ಅರ್ಧ ಊರೇ ನೀರಲ್ಲಿ ನಿಂತಾಗಲಂತೂ ನನ್ನ ಮಾತೇ ನಿಜ ಅನ್ನಿಸಿತು. ಆಜಿ ಪರವಾಗಿ ಸೆಕ್ರೆಟರಿಗೆ ಅರ್ಜಿ ಬರೆದುಕೊಟ್ಟವನೂ ನಾನೇ! ಟೆರೇಸು, ಹೊರಗೋಡೆ ಸೋರಿದರೆ ಸೊಸೈಟಿ ಖರ್ಚು, ಒಂದು ಮನೆಯ ಬಾತ್‌ರೂಮಿನಿಂದ ಇನ್ನೊಂದು ಮನೆಗೆ ಸೋರಿದರೆ ಮೇಲಿನವನ ಖರ್ಚು. ಇಲ್ಲಿನ ಸೊಸೈಟಿ ಬೈಲಾ ಹೇಳುವುದು ಹಾಗೆ. ನನಗೆ ಅದು ಚೆನ್ನಾಗಿ ಗೊತ್ತಿತ್ತು ಅನ್ನೋದೂ ನಿಜ.

ದೀಪಾವಳಿ ಮುಗಿಯಿತು. ಆಕಾಶದಲ್ಲಿ ಮೋಡವೇ ಇಲ್ಲ. ಆಜಿ ಸ್ನಾನಕ್ಕೆ ಕೂತರೆ ಬೆನ್ನ ಮೇಲೆ ಹನಿ ಮಾತ್ರ ತಪ್ಪಲಿಲ್ಲ. ಅದೂ ನಾವು ಸ್ನಾನ ಮಾಡಿದ ಮೇಲೇ ಜಾಸ್ತಿ. ಇದೊಂದು ಗುರುತು ನೆನಪಿಡಿ. ಹಗಲು ರಾತ್ರಿ ಒಂದೇ ಸಮ ಹನಿಯುತ್ತಿದ್ದರೆ ಗೋಡೆಯೊಳಗಿನ ನಲ್ಲಿ ಪೈಪು ಸೋರುತ್ತಿರಬಹುದು. ಸ್ನಾನದ ನಂತರ ಜಾಸ್ತಿ ಆದರೆ ನೆಲ ಅಥವಾ ನೀರು ಹೊರಹೋಗುವ ದಾರಿ. ನನ್ನ ಹೆಂಡತಿ ಹೋಳಿಯಲ್ಲಿ ಉಳಿದ ಗುಲಾಬಿ ಬಣ್ಣವನ್ನು ಬಕೆಟ್‌ನಲ್ಲಿ ಕಲಸಿ ನೆಲಕ್ಕೆ ಸುರಿದಳು. ಎರಡು ದಿನ ಬಿಟ್ಟು ಆಜಿ ಫೋನಿನಿಂದ ಒಂದು ಫೋಟೋ ಬಂತು. ಬಿಳಿ ಸೀಲಿಂಗಿನಲ್ಲಿ ಅಂಗೈ ಅಗಲದ ಗುಲಾಬಿ ಕಲೆ. ಕೆಳಗೆ ಒಂದೇ ಸಾಲು: "ಹಾ ತುಮಚಾ ರಂಗ್ ಕಾ?" ಇದು ನಿಮ್ಮ ಬಣ್ಣವಾ?

ಈಗ ತಪ್ಪು ಎಲ್ಲಾಯಿತು ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೆ ಇದನ್ನು ಹಾರಿಸಿ ಓದಬೇಡಿ.

ಬಚ್ಚಲ ಜಾಲರಿಯ ಕೆಳಗೆ ಬಟ್ಟಲಿನಂಥ ಒಂದು ಭಾಗ ಇರುತ್ತದೆ. ಇಲ್ಲಿ ಎಲ್ಲರೂ ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಹಳೆ ನೆಲ ಹಾಕಿದಾಗ ಆ ಟ್ರ್ಯಾಪಿನ ಬಾಯಿ ಮತ್ತು ಹಳೆ ಟೈಲ್ಸ್ ಸರಿಸಮ ಇದ್ದವು. ನಾನು ಅದರ ಮೇಲೆ 9 ಮಿಲಿಮೀಟರ್ ಟೈಲ್ಸ್, ಅದರಡಿ 6 ಮಿಲಿಮೀಟರ್ ಅಡ್ಹೆಸಿವ್ ಹಾಕಿದೆ. ನೆಲ 15 ಮಿಲಿಮೀಟರ್ ಮೇಲೆ ಬಂತು. ಟ್ರ್ಯಾಪ್ ಇದ್ದಲ್ಲೇ ಉಳಿಯಿತು. ಅಂದರೆ ಹೊಸ ಜಾಲರಿಗೂ ಹಳೆ ಬಾಯಿಗೂ ನಡುವೆ ಒಂದೂವರೆ ಸೆಂಟಿಮೀಟರ್ ಆಳದ ಪುಟ್ಟ ಬಾವಿ. ಆ ಬಾವಿಯ ಗೋಡೆ ಏನು? ಕತ್ತರಿಸಿದ ಟೈಲ್ಸ್ ಅಂಚು, ಅದರ ಕೆಳಗೆ ಅಡ್ಹೆಸಿವ್. ಹಲ್ಲಿನ ಕರಣೆಯಲ್ಲಿ ಬಾಚಿದ್ದೆವಲ್ಲ, ಟೈಲ್ಸ್ ಪೂರ್ತಿ ಒತ್ತದ ಕಡೆ ಆ ಗೆರೆಗಳು ಹಾಗೇ ಉಳಿದು ಸಣ್ಣ ಸಣ್ಣ ಸುರಂಗಗಳಾಗಿದ್ದವು. ನಾನು ಬಾವಿಯ ಸುತ್ತ ಬೆರಳಲ್ಲಿ ವೈಟ್ ಸಿಮೆಂಟ್ ಸವರಿದೆ. ವೈಟ್ ಸಿಮೆಂಟ್ ಒಣಗುತ್ತಾ ಕುಗ್ಗುತ್ತದೆ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅಷ್ಟು ಸಾಕು. ಪ್ರತಿ ತಂಬಿಗೆ ನೀರು ಆ ಬಾವಿಗೆ ಬಂದಾಗ ಸ್ವಲ್ಪ ಪಕ್ಕಕ್ಕೆ ನುಗ್ಗುತ್ತಿತ್ತು. ಎರಡು ಟೈಲ್ಸ್ ಪದರದ ಮಧ್ಯೆ ಸಿಕ್ಕಿಬಿದ್ದ ನೀರು ಆರುವುದೆಲ್ಲಿಂದ? ಹಳೆ ಟೈಲ್ಸ್ ಸಂದು ಹುಡುಕಿಕೊಂಡು ಕೆಳಗೆ ಇಳಿಯಿತು. ಅಲ್ಲಿ ಕೋಬಾ, ಅಂದರೆ ಸ್ಲ್ಯಾಬಿನ ಮೇಲೆ ತುಂಬಿದ ಇಟ್ಟಿಗೆ ಚೂರಿನ ಪದರ, ಅದು ಸ್ಪಂಜು. ಅದು ತುಂಬಿದ ಮೇಲೆ ಸ್ಲ್ಯಾಬು. ಸ್ಲ್ಯಾಬಿನ ಕೆಳಗೆ ಆಜಿ.

ಇನ್ನೂ ಹೇಳಬೇಕೆಂದರೆ ತಪ್ಪು ಅದೊಂದೇ ಅಲ್ಲ. ಆ ಎರಕದ ಕಬ್ಬಿಣದ ಟ್ರ್ಯಾಪಿನ ಸುತ್ತ ಮೊದಲೇ ಪೆನ್ಸಿಲ್ ತೂರುವಷ್ಟು ಬಿರುಕಿತ್ತು. ಹಳೆ ಜಾಲರಿ ತೆಗೆದ ದಿನ ಟಾರ್ಚ್ ಬಿಟ್ಟು ಒಂದು ನಿಮಿಷ ನೋಡಿದ್ದರೆ ಕಾಣುತ್ತಿತ್ತು. ನೋಡಲಿಲ್ಲ. ಯಾಕೆ ಗೊತ್ತಾ? ಒಳಗೆ ಕೂದಲು, ಸಾಬೂನಿನ ಲೋಳೆ. ಅಸಹ್ಯ ಅಂತ ಮುಖ ತಿರುಗಿಸಿಕೊಂಡೇ ಹೊಸ ಜಾಲರಿ ಇಟ್ಟುಬಿಟ್ಟೆ. ನನ್ನ 78 ಸಾವಿರ ಹೋಗಿದ್ದು ಆ ಒಂದು ನಿಮಿಷಕ್ಕೆ.

ಶಿರಸಿ ಕಡೆ ನಮ್ಮ ಹಳೆ ಮನೆಯಲ್ಲಿ ಬಚ್ಚಲು ನೆಲದ ಮೇಲೇ ಇತ್ತು. ನೀರು ಎಲ್ಲಿ ಇಂಗಿದರೂ ಹಿತ್ತಲ ಬಾಳೆಗೆ ಒಳ್ಳೆಯದೇ ಆಗುತ್ತಿತ್ತು. ಆ ಧೈರ್ಯ ನನ್ನ ತಲೆಯಲ್ಲಿ ಹಾಗೇ ಉಳಿದಿತ್ತೋ ಏನೋ.

ಮಧ್ಯೆ ಯಾರೋ ಹೇಳಿದರು ಅಂತ ಸಂದುಗಳಿಗೆ ಸುರಿಯುವ ಕೆಮಿಕಲ್ ತಂದೆ. ಮೂರು ವಾರ ನಿಂತಿತು, ಅಷ್ಟೇ. 2018ರ ಜನವರಿಯಲ್ಲಿ ಪೂರ್ತಿ ಒಡೆಸಿದೆ. ಬಂದ ಮೇಸ್ತ್ರಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಮನೆಗೆ ಫೋನಿನಲ್ಲಿ ಮಾತಾಡುವಾಗ ಕನ್ನಡ ಕೇಳಿ ನಾನೇ ಮಾತಾಡಿಸಿದೆ. ಎರಡು ಪದರ ಒಡೆದು ಕೋಬಾ ಅಗೆದು ಒಂದು ಇಟ್ಟಿಗೆ ಚೂರನ್ನು ನನ್ನ ಕೈಗೆ ಕೊಟ್ಟ. ಹಿಂಡಿದರೆ ನೀರು ಬರುತ್ತೇನೋ ಅನ್ನುವಷ್ಟು ಒದ್ದೆ. "ಇದರಾಗ ಎರಡ ಕೊಡ ನೀರ ನಿಂತಾವ್ರಿ ಸಾಹೇಬ್ರ" ಅಂದ. 38 ಚೀಲ ಡೆಬ್ರಿಸ್ ಮೂರು ಮಹಡಿ ಇಳಿಯಿತು. ಆ 12 ದಿನ ನಾವು ಸ್ನಾನ ಮಾಡಿದ್ದು ಆಜಿಯ ಬಾತ್‌ರೂಮಿನಲ್ಲಿ. ಸ್ಲ್ಯಾಬು ಇನ್ನೂ ಒಣಗಿರಲಿಲ್ಲ. ಮೊದಲ ದಿನ ನನ್ನ ಬೆನ್ನ ಮೇಲೂ ಒಂದು ಹನಿ ಬಿತ್ತು, ತಣ್ಣಗೆ.

ಇಂಡಿಯವನು ಮಾಡಿದ್ದು ಹೀಗೆ. ಹೊಸ ಪಿವಿಸಿ ಟ್ರ್ಯಾಪ್ ಕೂರಿಸಿ ಅದರ ಸುತ್ತ ಕುಗ್ಗದ ಗ್ರೌಟ್ ತುಂಬಿದ. ಆಮೇಲೆ ಕೋಬಾ, ಅದರ ಮೇಲೆ ಗಾರೆ. ಗಾರೆ ಹಾಕುವಾಗಲೇ ಇಳಿಜಾರು, ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಟೈಲ್ಸ್ ಹಾಕುವಾಗ ಇಳಿಜಾರು ಕೊಡುತ್ತೇನೆ ಅನ್ನುವ ಮೇಸ್ತ್ರಿಯನ್ನು ನಂಬಬೇಡಿ. ಗೋಡೆ ನೆಲ ಸೇರುವ ಮೂಲೆ ಚೂಪಾಗಿ ಬಿಡದೆ ಗುಂಡಗೆ ವಾಟಾ ಮಾಡಿದ. ಅದರ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟು, ಒಂದು ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಗೋಡೆಗೆ ಒಂದಡಿ, ಶವರ್ ಇರುವ ಕಡೆ ತಲೆ ಎತ್ತರದವರೆಗೆ. ಟ್ರ್ಯಾಪಿನ ಬಾಯಿಯೊಳಗೂ ಬ್ರಷ್ ಇಳಿಸಿದ.

ಇದರ ನಂತರದ ಕೆಲಸ ನೀವೇ ಮಾಡಿ, ಯಾರಿಗೂ ಬಿಡಬೇಡಿ. ಟ್ರ್ಯಾಪಿಗೆ ಬಿರಡೆ ಹಾಕಿ, ಬಾಗಿಲಿಗೆ ತಾತ್ಕಾಲಿಕ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲೇ ಒಂದು ಬಕೆಟ್‌ನಲ್ಲೂ ನೀರಿಟ್ಟು ಅದಕ್ಕೂ ಗೆರೆ ಹಾಕಿ. ನೀರು ಆವಿಯಾಗಿ ಇಳಿದರೆ ಎರಡೂ ಕಡೆ ಒಂದೇ ಸಮ ಇಳಿಯುತ್ತದೆ. ನೆಲದಲ್ಲಿ ಮಾತ್ರ ಇಳಿದರೆ ಸೋರಿಕೆ. 48 ಗಂಟೆ ಕಾಯಿರಿ. ನಮ್ಮಲ್ಲಿ ಮೊದಲ ರಾತ್ರಿಯೇ ಒಂದು ಬೆರಳು ಇಳಿದು ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಬಿರಡೆಯೇ ಸಡಿಲ. ಗಟ್ಟಿಮಾಡಿ ಮತ್ತೆ ಮೊದಲಿಂದ ಎರಡು ದಿನ. ಮೇಸ್ತ್ರಿ ಗೊಣಗಿದ, ಅವನ ಎರಡು ದಿನದ ಕೂಲಿ ಕೊಟ್ಟೆ. ಆಜಿ ಬೆಳಿಗ್ಗೆ ಸಂಜೆ ಕೆಳಗಿಂದ ಸೀಲಿಂಗ್ ಮುಟ್ಟಿಸಿ ನೋಡಿ "ಕೋರಡಂ ಆಹೆ" ಅಂತ ಫೋನ್ ಮಾಡುತ್ತಿದ್ದರು, ಒಣಗಿದೆ ಅಂತ.

ಹಾಗಾದರೆ ಟೈಲ್ಸ್ ಮೇಲೆ ಟೈಲ್ಸ್ ಹಾಕಲೇಬಾರದಾ? ಅಡುಗೆಮನೆ ಗೋಡೆಗೆ ಧಾರಾಳವಾಗಿ ಹಾಕಿ, ನೀವೇ ಹಾಕಿ. ನಾಣ್ಯದಿಂದ ಹಳೆ ಟೈಲ್ಸ್ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನು ಕಿತ್ತುಹಾಕಿ, ಉಳಿದದ್ದರ ಮೇಲೆ ಅಂಟಿಸಿ. ಮಹಡಿ ಮನೆಯ ಬಾತ್‌ರೂಮ್ ನೆಲಕ್ಕೆ ಮಾತ್ರ ಬೇಡ. ಒಡೆಯುವ ರಗಳೆ ಬೇಡ ಅನ್ನುವವರು ಬಾತ್‌ರೂಮ್ ನೆಲಕ್ಕೆ ಕೈಯೇ ಹಾಕಬಾರದು, ಹಳೆ ಟೈಲ್ಸ್ ಜೊತೆ ಇನ್ನೈದು ವರ್ಷ ಸುಮ್ನೆ ಇದ್ದುಬಿಡಿ. ಒಡೆಯುವುದಾದರೆ ಮಳೆಗಾಲ ಬಿಟ್ಟು ಒಡೆಯಿರಿ. ಸೊಸೈಟಿಯ ಲಿಖಿತ ಒಪ್ಪಿಗೆ ತಗೊಳ್ಳಿ. ಇಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಅನ್ನುವ ತಪಾಸಣೆ, ಕಡ್ಡಾಯ, ನಿಮ್ಮದು ಆಗಿದೆಯಾ ಅಂತ ಆಗಲೇ ಕೇಳಿ. ಸ್ಲ್ಯಾಬಿನ ಸರಳು ತುಕ್ಕು ಹಿಡಿದಿದ್ದರೆ ನಿಮ್ಮ ಟೈಲ್ಸ್ ಬಣ್ಣದ ಚರ್ಚೆಗೆ ಅರ್ಥವೇ ಇಲ್ಲ.

ಸದ್ಯಕ್ಕೆ ಅಡ್ಹೆಸಿವ್ ಚೀಲ ತರಬೇಡಿ. ಇವತ್ತು ಸಂಜೆ ಕೈಗೊಂದು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಜಾಲರಿ ಎತ್ತಿ, ಕೂದಲು ತೆಗೆದು, ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ. ಟ್ರ್ಯಾಪಿನ ಅಂಚು ಕಾಣುವ ಹಾಗೆ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ. ಅದಕ್ಕೂ ಮೊದಲು ಕೆಳಗಿನ ಮನೆಯವರ ಬಾಗಿಲು ಬಡಿದು ಅವರ ಸೀಲಿಂಗ್ ಹೇಗಿದೆ ಅಂತ ಕೇಳಿಬನ್ನಿ.