ಹಳೇ ಜೀಪ್ ಹತ್ತಿದ ಕೊರಕಲಲ್ಲಿ ಹೊಸ ಗಾಡಿ ನಿಲ್ಲುವುದೇಕೆ?

ಹಳೇ ಜೀಪ್ ಸಲೀಸಾಗಿ ಹತ್ತುವ ಕೊರಕಲಲ್ಲಿ ನಿಮ್ಮ ಹೊಸ ಫೋರ್ ವೀಲ್ ಡ್ರೈವ್ ನಿಂತುಬಿಡಲು ಕಾರಣ ಬಹುಶಃ ಮುಂದಿನ ಸಸ್ಪೆನ್ಷನ್. ಹಳೇದರಲ್ಲಿ ಆಕ್ಸಲ್, ಅಂದರೆ ಎಡ ಬಲ ಚಕ್ರ ಜೋಡಿಸುವ ದಂಡ, ಒಂದೇ ತುಂಡು. ಒಂದು ಚಕ್ರ ಮೇಲೆದ್ದರೆ ಇನ್ನೊಂದು ನೆಲಕ್ಕೆ ಒತ್ತುತ್ತದೆ. ಹೊಸದರಲ್ಲಿ ಎರಡೂ ಬೇರೆ ಬೇರೆ ಆಡುತ್ತವೆ, ಹಾಗಾಗಿ ಒಂದು ಗಾಳಿಯಲ್ಲಿ ಸುಮ್ನೆ ಸುತ್ತುತ್ತದೆ. ಆದರೆ ಹೊಸದಕ್ಕೆ ಹಾಗೆ ಸುತ್ತುವ ಚಕ್ರವನ್ನು ತಾನೇ ಹಿಡಿಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದೆ ಅಲ್ವಾ, ಅದಕ್ಕೆ ಕೆಲಸ ಮಾಡಲು ಬಿಡಿ.

ಮೊದಲು ಟೈರಿನ ಗಾಳಿ ಸುಮಾರು 20 ಪಿಎಸ್‌ಐಗೆ ಇಳಿಸಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರ್) ಹಾಕಿ. ಡಿಫ್ ಲಾಕ್ (ಎಡ ಬಲ ಚಕ್ರ ಎರಡೂ ಒಟ್ಟಿಗೇ ಸುತ್ತುವಂತೆ ಮಾಡುವ ಲಾಕ್) ಇದ್ದರೆ ಕೊರಕಲಿಗೆ ಇಳಿಯುವ ಮುಂಚೆಯೇ ಹಾಕಿ. ಚಕ್ರ ಸುತ್ತಿದ ಕೂಡಲೇ ನಾವೆಲ್ಲ ಕಾಲು ತೆಗೆಯುತ್ತೇವೆ, ಅದೇ ತಪ್ಪು. ಆಕ್ಸಿಲರೇಟರ್ ಒಂದೇ ಹದದಲ್ಲಿ ಎರಡು ಮೂರು ಸೆಕೆಂಡ್ ಹಿಡಿಯಿರಿ. ಟಕಟಕ ಸದ್ದು ಬಂದರೆ ಸುತ್ತುವ ಚಕ್ರಕ್ಕೆ ಬ್ರೇಕ್ ಬಿದ್ದು ಬಲ ಆಚೆ ಬದಿಯ ಚಕ್ರಕ್ಕೆ ಹೋಗುತ್ತಿದೆ ಅಂತ ಅರ್ಥ. ಆಗಲೂ ಏಳದಿದ್ದರೆ ಹಿಂದೆ ಬಂದು ಒಂದಡಿ ಪಕ್ಕದಲ್ಲಿ ಹತ್ತಿಸಿ. ಡಾಂಬರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಿ.