ಸ್ಟುಡಿಯೊ ಯಾವುದಾದರೂ ಆಗಲಿ, ಡಿಐ ಬಿಡಬೇಡಿ

ನಿಮ್ಮದು ಪುಣೆಯ ಮೆಲೊಡಿಕ್ ಡೆತ್ ಮೆಟಲ್ ಬ್ಯಾಂಡ್, ಅಂದರೆ ಅಬ್ಬರದ ಮೆಟಲ್‌ಗೆ ರಾಗದ ಗಿಟಾರ್ ಸೇರಿದ ಸಂಗೀತ. ಹತ್ತು ಹಾಡಿನ ಮೊದಲ ಆಲ್ಬಂ ರೆಕಾರ್ಡ್ ಮಾಡುವುದು ದೊಡ್ಡ ಸ್ಟುಡಿಯೊದಲ್ಲಾ ಮನೆಯಲ್ಲೇನಾ ಅಂತ ಕೇಳಿದ್ದೀರಿ. 2017ರ ಜುಲೈನಲ್ಲಿ ಪುಣೆ ಪಕ್ಕದ ನಿಗಡಿಯ ಬಾಡಿಗೆ ಮನೆಯಲ್ಲಿ ನಾವೂ ಇದನ್ನೇ ಚರ್ಚಿಸುತ್ತ ರಾತ್ರಿಗಟ್ಟಲೆ ಕೂತಿದ್ದೆವು. ನಮ್ಮ ಬ್ಯಾಂಡಿನಲ್ಲಿ ಧಾರವಾಡದವರು ಮೂವರು, ಸೊಲ್ಲಾಪುರದ ಡ್ರಮ್ಮರ್ ಒಬ್ಬ. ಎಲ್ಲರಿಗೂ ಸ್ವೀಡನ್ನಿನ ಬ್ಯಾಂಡ್ ಆಟ್ ದ ಗೇಟ್ಸ್ ಹುಚ್ಚು. ಅವರ 1995ರ ಆಲ್ಬಂ 'ಸ್ಲಾಟರ್ ಆಫ್ ದ ಸೋಲ್' ರೆಕಾರ್ಡ್ ಆಗಿದ್ದು ಗಾಥೆನ್‌ಬರ್ಗಿನ ಸ್ಟುಡಿಯೊ ಫ್ರೆಡ್‌ಮನ್‌ನಲ್ಲಿ. ಸ್ಟುಡಿಯೊ ಒಳ್ಳೆಯದಿದ್ದರೆ ಆ ಸೌಂಡ್ ತಾನೇ ಬರುತ್ತದೆ ಅಂತ ನಂಬಿ ಆರು ದಿನಕ್ಕೆ ₹90,000 ಕೊಟ್ಟೆವು.

ಸ್ಟುಡಿಯೊ ಚೆನ್ನಾಗೇ ಇತ್ತು. ತಪ್ಪು ನನ್ನದು.

ಮೂರನೇ ದಿನ ಗಿಟಾರ್. ಡಿಐ (ಡೈರೆಕ್ಟ್ ಇನ್‌ಪುಟ್, ಗಿಟಾರಿನ ನೇರ ಸಿಗ್ನಲ್) ಕೂಡ ತೆಗೆದುಕೊಳ್ಳಲಾ ಅಂತ ಎಂಜಿನಿಯರ್ ಕೇಳಿದರು. ಬಾಕ್ಸ್ ಹುಡುಕಿ ಕೇಬಲ್ ಹಾಕಲು ಹದಿನೈದು ನಿಮಿಷ ಬೇಕಿತ್ತು. ನಮ್ಮ ಗಿಟಾರಿಸ್ಟ್, "ಲೇ, ಸೌಂಡ್ ಭಾರೀ ಬಂದೈತಿ, ಸುಮ್ನ ಯಾಕ ಟೈಮ್ ಹಾಳ ಮಾಡ್ತಿ" ಅಂದ. ದುಡ್ಡಿನ ಲೆಕ್ಕ ನನ್ನ ಕೈಯಲ್ಲಿತ್ತು. ಬೇಡ ಅಂದುಬಿಟ್ಟೆ.

ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಡಿಐ ಬಾಕ್ಸ್ ಗಿಟಾರಿನ ಸಿಗ್ನಲ್ಲನ್ನು ಎರಡು ದಾರಿಗೆ ಹಂಚುತ್ತದೆ. ಒಂದು ಪೆಡಲ್, ಆಂಪ್ (ಆಂಪ್ಲಿಫೈಯರ್), ಮೈಕ್ ಮೂಲಕ ಹೋಗುತ್ತದೆ. ಇನ್ನೊಂದು ನೇರ ಕಂಪ್ಯೂಟರಿಗೆ, ಬರೀ ತಂತಿಯ ಸಪ್ಪೆ ದನಿ. ಆ ಸಪ್ಪೆ ಟ್ರ್ಯಾಕ್ ಇದ್ದರೆ ಆರು ತಿಂಗಳ ಮೇಲೂ ಅದನ್ನೇ ಬೇರೆ ಆಂಪ್‌ಗೆ ಹಾಯಿಸಿ, ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಇಳಿಸಿ, ಹೊಸದಾಗಿ ಮೈಕ್ ಇಟ್ಟು ರೆಕಾರ್ಡ್ ಮಾಡಬಹುದು. ಇಲ್ಲದಿದ್ದರೆ ಅಂದು ಏನು ಡಿಸ್ಟಾರ್ಷನ್, ಅಂದರೆ ಗರಗರ ದನಿ, ಬಿತ್ತೋ ಅದೇ ಗತಿ. ಒಗ್ಗರಣೆ ಸೀದ ಮೇಲೆ ಸಾರಿನಿಂದ ಆ ವಾಸನೆ ತೆಗೆದವರುಂಟೇ?

ನಾವು ಸ್ವೀಡನ್ನಿನವರಂತೆ ಬಾಸ್ ಕಂಪನಿಯ ಎಚ್‌ಎಂ-2 ಡಿಸ್ಟಾರ್ಷನ್ ಪೆಡಲಿನ ನಾಲ್ಕೂ ನಾಬ್ ಪೂರ್ತಿ ತಿರುಗಿಸಿದ್ದೆವು. ರೂಮಿನಲ್ಲಿ ಒಂದೇ ಗಿಟಾರ್ ಕೇಳುವಾಗ ಮೈ ಜುಮ್ಮೆಂದಿತು. ಆದರೆ ಆಲ್ಬಂನಲ್ಲಿ ಒಂದೇ ಗಿಟಾರ್ ಇರುವುದಿಲ್ಲವಲ್ಲ. ಎಡಕ್ಕೆ ಎರಡು, ಬಲಕ್ಕೆ ಎರಡು, ನಾಲ್ಕರ ಡಿಸ್ಟಾರ್ಷನ್ನೂ ಒಂದರ ಮೇಲೊಂದು ಕೂರುತ್ತದೆ. ಟ್ರೆಮೊಲೊ ಪಿಕಿಂಗ್ ಅಂದರೆ ಒಂದೇ ಸ್ವರವನ್ನು ಪಟಪಟ ಮೀಟುವುದು. 200 ಬಿಪಿಎಂನಲ್ಲಿ (ನಿಮಿಷಕ್ಕೆ 200 ಬೀಟ್), ಬೀಟಿಗೆ ನಾಲ್ಕರಂತೆ, ಸೆಕೆಂಡಿಗೆ 13ಕ್ಕೂ ಹೆಚ್ಚು ಪೆಟ್ಟು. ಗೇನ್ ಏರಿದಷ್ಟೂ ಜೋರು ದನಿ, ಸಣ್ಣ ದನಿ ಎರಡೂ ಒಂದೇ ಎತ್ತರಕ್ಕೆ ಬರುತ್ತವೆ, ಪೆಟ್ಟುಗಳ ನಡುವಿನ ಸಂದು ತುಂಬಿಹೋಗುತ್ತದೆ. ಉಳಿಯುವುದು ಬರೀ ಗುಂಯ್.

ಮಿಕ್ಸ್ ಮಾಡಲು ಕೂತ ಮುಂಬೈಯ ಗೆಳೆಯ ಮೊದಲು ಕೇಳಿದ್ದೇ "ಡಿಐ ಫೈಲ್ ಎಲ್ಲಿ?" ಅಂತ. ಈಕ್ಯೂ (ದನಿಯ ಏರು-ತಗ್ಗು ಭಾಗಗಳನ್ನು ಹೆಚ್ಚು ಕಡಿಮೆ ಮಾಡುವ ಸಾಧನ) ಹಾಕಿ ಮೂರು ವಾರ ಗುದ್ದಾಡಿದ. ನಾಲ್ಕನೇ ಹಾಡಿನಲ್ಲಿ ನಮ್ಮ ಗಿಟಾರಿಸ್ಟ್ ಕೀರವಾಣಿ ರಾಗದಲ್ಲಿ, ಅಂದರೆ ಹಾರ್ಮೋನಿಕ್ ಮೈನರ್‌ನಲ್ಲಿ, ಎರಡು ಲೀಡ್ (ಗಿಟಾರಿನ ಮುಖ್ಯ ರಾಗದ ಲೈನ್) ಜೋಡಿಸಿದ್ದ. ಅವನ ಅಜ್ಜಿ ದೇವರ ಮುಂದೆ ಗುನುಗುತ್ತಿದ್ದ ಧಾಟಿಯಿಂದ ಹುಟ್ಟಿದ್ದು. ಆಲ್ಬಂನಲ್ಲಿ ಅದರ ಕೆಳಗಿನ ಲೈನ್ ಕೇಳಿಸುವುದೇ ಇಲ್ಲ. ಮತ್ತೆ ನುಡಿಸೋಣ ಅನ್ನುವಷ್ಟರಲ್ಲಿ ಗಿಟಾರಿಸ್ಟ್ ಕೆಲಸಕ್ಕೆ ಜರ್ಮನಿಗೆ ಹೋಗಿಯಾಗಿತ್ತು.

ಆದ್ದರಿಂದ ಸ್ಟುಡಿಯೊನಾ ಮನೆಯಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದುಡ್ಡೆಲ್ಲ ಡ್ರಮ್ಸ್‌ಗೆ ಹಾಕಿ. ಒಳ್ಳೆಯ ರೂಮು, ಮೈಕುಗಳು ಬೇಕಾಗುವುದು ಅಲ್ಲಿ. ಕ್ಲಿಕ್ (ತಾಳ ಹಿಡಿಯಲು ಕಿವಿಗೆ ಕೇಳಿಸುವ ಟಿಕ್ ಟಿಕ್) ಇಲ್ಲದೆ ಒಂದು ಟೇಕೂ ಬೇಡ. ಗಿಟಾರ್, ಬಾಸ್ ಗಿಟಾರ್ ಎರಡನ್ನೂ ಮನೆಯಲ್ಲೇ ನುಡಿಸಿ, ಕಂಪ್ಯೂಟರಿಗೆ ದನಿ ಕಳಿಸುವ ಸಾಧಾರಣ ಇಂಟರ್‌ಫೇಸಿನ ಇನ್‌ಸ್ಟ್ರುಮೆಂಟ್ ಇನ್‌ಪುಟ್ಟೇ ಡಿಐಗೆ ಸಾಕು. ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಎರಡು ದಿನಕ್ಕೊಮ್ಮೆ ಬದಲಿಸಿ, ಪ್ರತಿ ಟೇಕಿಗೂ ಟ್ಯೂನ್ ಮಾಡಿ. ಆರಾರು ನಿಮಿಷದ ಹತ್ತು ಹಾಡು ಅಂದಿದ್ದೀರಿ. ತೀರಾ ಉದ್ದವಾಯಿತು, ಮೂರು ಹಾಡು ಕೈಬಿಡಿ. 'ಸ್ಲಾಟರ್ ಆಫ್ ದ ಸೋಲ್' ಹನ್ನೊಂದು ಟ್ರ್ಯಾಕ್ ಸೇರಿ ಸುಮಾರು 34 ನಿಮಿಷ ಅಷ್ಟೇ.

ಕಳೆದ ದೀಪಾವಳಿಗೆ ಗಿಟಾರಿಸ್ಟ್ ಊರಿಗೆ ಬಂದಿದ್ದ, ಪುಣೆಯಲ್ಲಿ ಎರಡು ದಿನ ನಮ್ಮ ಮನೆಯಲ್ಲೇ ಇದ್ದ. ನಾಲ್ಕನೇ ಹಾಡಿನ ಗಿಟಾರ್ ಪೂರ್ತಿ ಮತ್ತೆ ನುಡಿಸಿದೆವು, ಈ ಸಲ ಡಿಐ ಇಟ್ಟುಕೊಂಡು. ಕೆಳಗಿನ ಲೈನ್ ಈಗ ಕೇಳಿಸುತ್ತದೆ. ನಮ್ಮ ಆಲ್ಬಂನ ಉಳಿದ ಏಳು ಹಾಡು ಹಾಗೇ ಇವೆ.