ಡಾಪ್ಲರ್‌ನಲ್ಲಿ 60%, ಎಂಆರ್‌ಐನಲ್ಲಿ 80% ಬ್ಲಾಕ್: ಯಾವುದನ್ನು ನಂಬೋದು?

ತಂದೆಯವರ ಕತ್ತಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೆ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್), ಎಂಆರ್‌ಐ ಎಂದು ಎರಡು ಟೆಸ್ಟ್ ಮಾಡಿಸಿದ್ದೀರಿ, ಎರಡೂ ಬೇರೆ ಬೇರೆ ಹೇಳುತ್ತಿವೆ. ನಾನು ರೇಡಿಯಾಲಜಿಸ್ಟ್. ಇಂಥ ಎರಡು ರಿಪೋರ್ಟ್ ಹಿಡಿದು ಗಾಬರಿಯಿಂದ ಬರುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಮೊದಲು ಎಂಆರ್‌ಐ ರಿಪೋರ್ಟಿನ ಮೇಲ್ಗಡೆ ನೋಡಿ. 'ಟೈಮ್ ಆಫ್ ಫ್ಲೈಟ್' ಎಂದಿದ್ದರೆ ಅದು ಕಾಂಟ್ರಾಸ್ಟ್ (ನಾಳ ಎದ್ದು ಕಾಣಲು ಕೊಡುವ ಔಷಧಿ) ಇಂಜೆಕ್ಷನ್ ಕೊಡದೆ ಮಾಡಿದ ಆಂಜಿಯೋ, ಅಂದರೆ ರಕ್ತನಾಳದ ಚಿತ್ರ. ಅದರಲ್ಲಿ ಬೆಳ್ಳಗೆ ಕಾಣುವುದು ಹರಿಯುವ ರಕ್ತ. ನಾಳ ಕಿರಿದಾದ ಕಡೆ ರಕ್ತ ರಭಸದಿಂದ ನುಗ್ಗಿ ಸುಳಿ ಸುತ್ತುತ್ತದೆ. ಆಗ ಸಿಗ್ನಲ್ ಹೋಗಿ ಆ ಜಾಗ ಕಪ್ಪಾಗುತ್ತದೆ. ಹಾಗಾಗಿ ಇರುವುದಕ್ಕಿಂತ ಜಾಸ್ತಿ ಬ್ಲಾಕ್ ಇದ್ದಂತೆ ತೋರುತ್ತದೆ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಕೊಟ್ಟು ಮಾಡಿದರೆ ಈ ತಪ್ಪು ಕಡಿಮೆ.

2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಬಂತು. 70ರಿಂದ 99% ಕಿರಿದಾದ 100 ನಾಳಗಳಲ್ಲಿ ಕಾಂಟ್ರಾಸ್ಟ್ ಎಂಆರ್ ಆಂಜಿಯೋ ಸುಮಾರು 94ನ್ನು ಹಿಡಿದಿತ್ತು. ಕಾಂಟ್ರಾಸ್ಟ್ ಇಲ್ಲದ್ದು 88, ಡಾಪ್ಲರ್ 89. ಅಂದರೆ ಎಂಆರ್‌ಐ ಅಂದ ಮಾತ್ರಕ್ಕೆ ಡಾಪ್ಲರ್‌ಗಿಂತ ಮೇಲು ಎಂದುಕೊಳ್ಳಬೇಡಿ. 50ರಿಂದ 69% ಬ್ಲಾಕ್‌ಗಳಲ್ಲಂತೂ ಎಲ್ಲ ಟೆಸ್ಟ್‌ಗಳೂ ಇದಕ್ಕಿಂತ ಜಾಸ್ತಿ ತಪ್ಪುತ್ತವೆ. ನಿಮ್ಮ ತಂದೆಯವರ ಡಾಪ್ಲರ್ ಸಂಖ್ಯೆ ಇರುವುದು ಅಲ್ಲೇ.

ಇನ್ನೊಂದು ವಿಷಯವನ್ನು ರೋಗಿಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಪರ್ಸೆಂಟ್ ಅಳೆಯಲು ಎರಡು ಪದ್ಧತಿಗಳಿವೆ. ಉತ್ತರ ಅಮೆರಿಕದ ನಾಸೆಟ್ (NASCET) ಎಂಬ ಅಧ್ಯಯನದ ಪದ್ಧತಿಯಲ್ಲಿ ಕಿರಿದಾದ ಜಾಗವನ್ನು ಅದೇ ನಾಳದ ಮೇಲಿನ ಚೆನ್ನಾಗಿರುವ ಭಾಗಕ್ಕೆ ಹೋಲಿಸುತ್ತಾರೆ. ಯುರೋಪಿನದರಲ್ಲಿ, ಆ ಜಾಗದಲ್ಲೇ ನಾಳ ಮೊದಲು ಎಷ್ಟು ಅಗಲ ಇದ್ದಿರಬಹುದು ಎಂಬ ಅಂದಾಜಿಗೆ ಹೋಲಿಸುತ್ತಾರೆ. ನಾಸೆಟ್‌ನ 60% ಅಲ್ಲಿ ಹೆಚ್ಚುಕಡಿಮೆ 76% ಆಗುತ್ತದೆ! ಎರಡೂ ರಿಪೋರ್ಟ್ ಒಂದೇ ಪದ್ಧತಿಯಲ್ಲಿ ಅಳೆದದ್ದಾ ಎಂದು ಕೇಳಲೇಬೇಕು.

ಆಪರೇಷನ್ (ನಾಳ ತೆರೆದು ಬ್ಲಾಕ್ ತೆಗೆಯುವುದು) ಬೇಕಾ ಎಂದು ಯೋಚಿಸುವಾಗ ನೋಡುವ 70%ರ ಗಡಿ ಸುಮ್ನೆ ಹಾಕಿದ್ದಲ್ಲ. 1991ರ ನಾಸೆಟ್ ಅಧ್ಯಯನದಲ್ಲಿ, ಆಗಲೇ ಸ್ಟ್ರೋಕ್‌ನ ಲಕ್ಷಣ ಕಂಡಿದ್ದ 70% ಮೀರಿದ ರೋಗಿಗಳಲ್ಲಿ, ಬರೀ ಔಷಧಿ ತೆಗೆದುಕೊಂಡವರ ಪೈಕಿ 26% ಜನಕ್ಕೆ ಎರಡು ವರ್ಷದಲ್ಲಿ ಅದೇ ಬದಿಯ ಸ್ಟ್ರೋಕ್ ಆಯಿತು. ಆಪರೇಷನ್ ಆದವರಲ್ಲಿ 9%. ಲಕ್ಷಣವೇ ಇಲ್ಲದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ನನ್ನ ಸಲಹೆ: ಎಂಆರ್‌ಐ ಕಾಂಟ್ರಾಸ್ಟ್ ಇಲ್ಲದ್ದಾಗಿದ್ದರೆ, ಅದೊಂದನ್ನೇ ನಂಬಿ ಆಪರೇಷನ್‌ಗೆ ಒಪ್ಪಬೇಡಿ. ಕಾಂಟ್ರಾಸ್ಟ್ ಎಂಆರ್ ಅಥವಾ ಸಿಟಿ ಆಂಜಿಯೋ ಮಾಡಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ. ರಿಪೋರ್ಟ್ ಜೊತೆಗೆ ಸಿಡಿಯನ್ನೂ ಒಯ್ಯಿರಿ, ನಾವು ಚಿತ್ರಗಳನ್ನೇ ನೋಡಿ ಅಳೆಯಬೇಕು.

ಆದರೆ ತಂದೆಯವರಿಗೆ ಇತ್ತೀಚೆಗೆ ಬಾಯಿ ಸೊಟ್ಟಗಾಗಿದ್ದು, ಕೈ ಸೋತದ್ದು, ಒಂದು ಕಣ್ಣು ಮಂಜಾದದ್ದು ಇದ್ದರೆ, ಸರಿಹೋಗಿದ್ದರೂ ಸರಿ, ಇವತ್ತೇ ನ್ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಆಪರೇಷನ್ ಬೇಕಾದರೆ ಅದರಿಂದ ಹೆಚ್ಚು ಲಾಭ ಸಿಗುವುದು ಲಕ್ಷಣ ಕಂಡ ಮೊದಲ ಎರಡು ವಾರದಲ್ಲಿ.